ಫೈಬರ್ ಇಂಟರ್ನೆಟ್ ಲೈನು ತಿಂಗಳಿಗೆ ₹499 ಅಂದರು, ಮೊದಲ ಬಿಲ್ಲೇ ₹1,001 ಬಂದಿದೆ. ಕಟ್ಟದೆ ಬಿಟ್ಟು ಬೇರೆ ಕಂಪನಿ ನೋಡಲೇ?

ಕಂಪನಿ ಬೇಕಾದರೆ ಬದಲಾಯಿಸಿ, ಆದರೆ ಕಟ್ಟದೆ ಮಾತ್ರ ಬಿಡಬೇಡಿ. ನೀವು ಮಂಡ್ಯದಲ್ಲಿ ಈಗ ಮಾಡಹೊರಟಿರುವುದನ್ನೇ ನಾನು ಮೈಸೂರಿನ ಕುವೆಂಪುನಗರದ ಬಾಡಿಗೆ ಮನೆಯಲ್ಲಿದ್ದಾಗ ಮಾಡಿ ದಂಡ ತೆತ್ತಿದ್ದೇನೆ.

ನನಗೂ ಮೊದಲ ಬಿಲ್ಲು ಹೆಚ್ಚುಕಡಿಮೆ ದುಪ್ಪಟ್ಟು ಬಂದಿತ್ತು. ಲೈನ್ ಎಳೆದು ಹೋಗಿದ್ದ ಹುಡುಗನಿಗೆ ಫೋನ್ ಮಾಡಿ ಕೂಗಾಡಿದೆ. 'ಬೇಡ ಅಂದ್ರೆ ಕಟ್ಬೇಡಿ ಸಾರ್, ತಾನಾಗೇ ಕಟ್ ಆಗತ್ತೆ' ಅಂದ. ಅವನು ಹೇಳಿದ್ದು ಸುಳ್ಳಲ್ಲ, ನೆಟ್ ಕಟ್ ಆಯಿತು. ನಾನು ಕಂಪನಿ ಕೊಟ್ಟಿದ್ದ ಮೋಡೆಮ್ ಬಾಕ್ಸ್ ಕಿತ್ತು ಅಟ್ಟಕ್ಕೆ ಹಾಕಿ, ಬೇರೆ ಕಂಪನಿಯ ಲೈನ್ ಹಾಕಿಸಿ ನೆಮ್ಮದಿಯಾಗಿದ್ದೆ.

ನನ್ನದು ಪೋಸ್ಟ್‌ಪೇಯ್ಡ್ ಲೈನು. ಎಡವಿದ್ದು ಅಲ್ಲೇ, ಆದ್ದರಿಂದ ಸ್ವಲ್ಪ ಎಳೆದೇ ಹೇಳುತ್ತೇನೆ. ಪೋಸ್ಟ್‌ಪೇಯ್ಡ್‌ನಲ್ಲಿ ನಾವು ಕೊಡುವ ಬಾಡಿಗೆ ನೆಟ್ ಬಳಸಿದ್ದಕ್ಕಲ್ಲ, ಲೈನು ನಮ್ಮ ಹೆಸರಲ್ಲಿ ಇರುವುದಕ್ಕೆ. ದುಡ್ಡು ಕಟ್ಟದಿದ್ದರೆ ಅವರು ನೆಟ್ ನಿಲ್ಲಿಸುತ್ತಾರೆ, ಖಾತೆ ಕೂಡಲೇ ಮುಚ್ಚುವುದಿಲ್ಲ. ಖಾತೆ ಮುಚ್ಚಬೇಕಾದರೆ ನಾವೇ ಕೇಳಬೇಕು, ಕೇಳಿದ್ದಕ್ಕೆ ನಂಬರ್ ಪಡೆಯಬೇಕು, ಬಾಕ್ಸ್ ವಾಪಸ್ ಕೊಟ್ಟು ರಸೀದಿ ಇಟ್ಟುಕೊಳ್ಳಬೇಕು. ಹುಡುಗನಿಗೆ ಫೋನಿನಲ್ಲಿ ಹೇಳಿದ್ದು ಯಾವ ಕಂಪ್ಯೂಟರಿಗೂ ಏರುವುದಿಲ್ಲ. ಹೀಗಾಗಿ ನನ್ನ ಲೆಕ್ಕಕ್ಕೆ ಬಾಡಿಗೆ, ಅದರ ಮೇಲೆ ಜಿಎಸ್‌ಟಿ, ತಡವಾದದ್ದಕ್ಕೆ ದಂಡ, ಕೊನೆಗೆ ಬಾಕ್ಸಿನ ಬೆಲೆಯೂ ಸೇರಿತು. ಡೆಪಾಸಿಟ್ ಅದಕ್ಕೇ ವಜಾ ಆಯಿತು. ಆಮೇಲೆ ವಕೀಲರ ಹೆಸರಿನಲ್ಲಿ ನೋಟಿಸು. 'ಅಟ್ಟದ ಮೇಲಿರೋ ಡಬ್ಬಕ್ಕೂ ಬಾಡಿಗೆನಾ?' ಅಂತ ನಮ್ಮನೆಯವರು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ನಿಮ್ಮ ಬಿಲ್ಲು. ಲೈನ್ ಶುರುವಾಗಿದ್ದು ಜೂನ್ 10, ಬಿಲ್ಲಿನ ಸುತ್ತು ಒಂದನೇ ತಾರೀಖಿನಿಂದ ಅಂತ ನೀವೇ ಬರೆದಿದ್ದೀರಿ. ಜೂನ್‌ನಲ್ಲಿ ಉಳಿದದ್ದು 21 ದಿನ, ಅದಕ್ಕೆ ₹349.30. ಜುಲೈ ಬಾಡಿಗೆ ಮುಂಗಡ ₹499. ಒಟ್ಟು ₹848.30. ಅದಕ್ಕೆ 18% ಜಿಎಸ್‌ಟಿ ₹152.69. ಕೂಡಿದರೆ ಪೈಸೆ ಆಚೀಚೆ ₹1,001. ಯಾರೂ ನಿಮ್ಮ ಜೇಬಿಗೆ ಕೈ ಹಾಕಿಲ್ಲ. ಮುಂದಿನ ತಿಂಗಳಿಂದ ₹588.82 ಬರಬೇಕು. ಜಾಹೀರಾತಿನಲ್ಲಿ ₹499 ದಪ್ಪಕ್ಷರದಲ್ಲಿ, ತೆರಿಗೆ ಪ್ರತ್ಯೇಕ ಅನ್ನೋದು ಇರುವೆ ಸಾಲಿನ ಹಾಗೆ ಬರೆದಿರುತ್ತಾರೆ. ಅದಕ್ಕೆ ಬೈಯುವುದಾದರೆ ನಾನೂ ಜೊತೆಗಿದ್ದೇನೆ.

ಯಾವ ಕಂಪನಿ ಅಗ್ಗ ಅಂತಲೂ ಕೇಳಿದ್ದೀರಿ. ನನ್ನ ಪ್ರಕಾರ ಆ ಪ್ರಶ್ನೆಯೇ ಸರಿಯಿಲ್ಲ. ಯಾರ ಹತ್ತಿರ ಹೋದರೂ 18% ತಪ್ಪಿದ್ದಲ್ಲ. ಪ್ರೀಪೇಯ್ಡ್ ಕೊಡುತ್ತೀರಾ ಅಂತ ಕೇಳಿ. ರೀಚಾರ್ಜ್ ಮುಗಿದರೆ ಬಾಕಿ ಬೆಳೆಯಲು ಜಾಗವೇ ಇರುವುದಿಲ್ಲ. ಬಾಡಿಗೆ ಮನೆಯಲ್ಲಿರುವವರು ವರ್ಷದ ಪ್ಲಾನಿನ ರಿಯಾಯಿತಿಗೆ ಬಾಯಿ ಬಿಡಬಾರದು, ಓನರ್ ಯಾವಾಗ ಮನೆ ಖಾಲಿ ಮಾಡಿ ಅನ್ನುತ್ತಾರೋ ಯಾರಿಗೆ ಗೊತ್ತು.

ನಿಜವಾಗಿಯೂ ತಪ್ಪು ಬಿಲ್ಲು ಬಂದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ದೂರಿನ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಅಲ್ಲಿ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ; ನನಗೆ ದಂಡ ಬಿಟ್ಟಿದ್ದು ಅಲ್ಲೇ, ಬಾಡಿಗೆ ಬಿಡಲಿಲ್ಲ. ಟೆಲಿಕಾಂ ಕಂಪನಿಗಳ ಮೇಲ್ವಿಚಾರಣೆ ಮಾಡುವ ಟ್ರಾಯ್‌ಗೆ ಬರೆಯುತ್ತೇನೆ ಅಂತ ಹೆದರಿಸುವುದು ವ್ಯರ್ಥ, ಅವರು ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ. ಜಿಲ್ಲಾ ಗ್ರಾಹಕರ ಆಯೋಗದ ದಾರಿ ಇದೆ. ಟೆಲಿಕಾಂ ದೂರುಗಳನ್ನು ಅದು ಕೇಳಬಹುದು ಅಂತ 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಈ ₹1,001 ಕಟ್ಟಿಬಿಡಿ. ಆಮೇಲೂ ಲೈನು ಬೇಡ ಅನ್ನಿಸಿದರೆ ಜುಲೈ ಮುಗಿಯುವ ಮೊದಲೇ ಸರೆಂಡರ್ ಅರ್ಜಿ ಕೊಡಿ, ಆ ತಿಂಗಳ ದುಡ್ಡು ಹೇಗೂ ಕಟ್ಟಿರುತ್ತೀರಿ.