ಸ್ಕಾಟ್‌ಲೆಂಡಿನ ಮುತ್ತಜ್ಜನ ಹುಡುಕಾಟ: ಅಡ್ಡಹೆಸರು ಬಿಡಿ, ಫೋಟೋ ತಿರುಗಿಸಿ

ಸ್ಕಾಟ್‌ಲೆಂಡ್ ಮೂಲದ ಹಿರಿಯರ ಬಗ್ಗೆ ಬರುವ ಪತ್ರಗಳಲ್ಲಿ ಬಹುಪಾಲು ಒಂದೇ ಪ್ರಶ್ನೆ: "ನಮ್ಮದು ಇಂಥ ಅಡ್ಡಹೆಸರು. ಹಾಗಾದರೆ ಕುಲ ಯಾವುದು, ಊರು ಯಾವುದು?" ಎಷ್ಟು ಸಲ ಹೇಳಿದರೂ ಮತ್ತೆ ಅದೇ ಬರುತ್ತಿದೆ. ಆದ್ದರಿಂದ ಈ ಸಲ ಒಂದು ಪತ್ರಕ್ಕೆ ಪೂರ್ತಿ ಉತ್ತರ ಕೊಟ್ಟು, ಉಳಿದವನ್ನು ಬೇಗ ಮುಗಿಸುತ್ತೇನೆ. ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿ ಎಂಬ ಪಾಠ ಇಲ್ಲಿಲ್ಲ; ಅಷ್ಟನ್ನೂ ಮಾಡದೆ ಪತ್ರ ಬರೆಯಬೇಡಿ.

ಪ್ರಶ್ನೆ: ತಾಯಿಯ ಕಡೆಯ ನಮ್ಮ ಮುತ್ತಜ್ಜ ಸ್ಕಾಟ್‌ಲೆಂಡಿನಿಂದ ಬಂದು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದರಂತೆ. ಅಡ್ಡಹೆಸರು ರಾಬರ್ಟ್‌ಸನ್. 1890ರ ದಶಕದಲ್ಲಿ ಇಲ್ಲೇ ಮದುವೆಯಾದರು. ಅವರದೆಂದು ಹೇಳುವ ಒಂದು ಫೋಟೋ ಇದೆ. ಅದನ್ನು ಅಂಟಿಸಿದ ರಟ್ಟಿನ ಹಿಂದೆ ಸ್ಕಾಟ್‌ಲೆಂಡಿನ ಡಂಡಿ ನಗರದ ಸ್ಟುಡಿಯೋ ಹೆಸರಿದೆ. ಅಡ್ಡಹೆಸರಿನಿಂದ ಅವರ ಊರು ಪತ್ತೆ ಮಾಡಬಹುದೇ?

ಆಗುವುದಿಲ್ಲ. ಪರ್ತ್‌ಶೈರಿನಿಂದ ಶೆಟ್ಲೆಂಡಿನವರೆಗೆ ಎಲ್ಲೆಲ್ಲೂ ರಾಬರ್ಟ್‌ಸನ್‌ಗಳಿದ್ದಾರೆ, ಒಬ್ಬರಿಗೊಬ್ಬರು ಸಂಬಂಧವಿಲ್ಲದವರು. ನಿಮ್ಮ ಕೈಯಲ್ಲಿ ಅದಕ್ಕಿಂತ ಗಟ್ಟಿಯಾದ ಎರಡು ವಿಷಯಗಳಿವೆ: ಹುಬ್ಬಳ್ಳಿಯ ಮದುವೆ ಮತ್ತು ಆ ರಟ್ಟು.

ಮದುವೆಯಿಂದಲೇ ಶುರು ಮಾಡಿ. ಇಲ್ಲಿನ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿ ನಮೂದುಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಈಗ ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಜನ ಎಡವುವುದು ಸರಣಿಯ ವಿಷಯದಲ್ಲಿ: ಒಂದೊಂದು ಪ್ರಾಂತ್ಯದ ದಾಖಲೆಗೆ ಒಂದೊಂದು ಸರಣಿ ಸಂಖ್ಯೆ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಆಗ ಮುಂಬಯಿ ಪ್ರಾಂತ್ಯ, ಅಂದರೆ ಎನ್/3. ಬೆಂಗಳೂರು, ಬಳ್ಳಾರಿ, ಮಂಗಳೂರಿನವು ಮದ್ರಾಸಿನ ಎನ್/2ರಲ್ಲಿ. ಕರ್ನಾಟಕವೆಂದು ಎಲ್ಲವನ್ನೂ ಮದ್ರಾಸಿನಲ್ಲಿ ಹುಡುಕಿದರೆ ಹುಬ್ಬಳ್ಳಿಯವರು ಸಿಗುವುದಿಲ್ಲ. ಬ್ರಿಟಿಷ್ ಭಾರತದ ಕುಟುಂಬಗಳ ಇತಿಹಾಸ ಹುಡುಕುವವರ ಸಂಘವಾದ ಫಿಬಿಸ್‌ನ ಜಾಲತಾಣದಲ್ಲಿ ಹೆಸರಿನ ಸೂಚಿ ಉಚಿತ. ಮೂಲ ಪುಟದ ಚಿತ್ರಕ್ಕೆ ವಂಶಾವಳಿ ದಾಖಲೆಗಳ ತಾಣವಾದ ಫೈಂಡ್‌ಮೈಪಾಸ್ಟ್‌ಗೆ ಹಣ ಕೊಡಬೇಕು. ಕೊಡಿ. ಮದುವೆಯ ನಮೂದಿನಲ್ಲಿ ವರನ ವಯಸ್ಸಿದೆ, ಅದಕ್ಕಿಂತ ಮುಖ್ಯವಾಗಿ ಅವನ ತಂದೆಯ ಹೆಸರಿದೆ. ಸಮಾಧಿಯ ನಮೂದಿನಲ್ಲಿ ತಂದೆಯ ಹೆಸರು ಇರುವುದಿಲ್ಲ, ಅದರ ಬೆನ್ನು ಹತ್ತಬೇಡಿ.

ಇನ್ನು ಫೋಟೋ. ಮುಖ ಯಾರನ್ನು ಹೋಲುತ್ತದೆ ಎಂಬ ಚರ್ಚೆ ಬಿಟ್ಟು ಸ್ಕೇಲ್ ಇಟ್ಟು ರಟ್ಟನ್ನು ಅಳೆಯಿರಿ. ಸುಮಾರು 64 x 100 ಮಿಲಿಮೀಟರ್ ಇದ್ದರೆ ಕಾರ್ಟ್ ದ ವಿಸಿತ್ ಎಂಬ ಪುಟ್ಟ ರಟ್ಟಿನ ಫೋಟೋ. ತೆಳು ರಟ್ಟು, ಚೂಪು ಮೂಲೆ, ಹಿಂದೆ ಪುಟ್ಟದಾಗಿ ಸ್ಟುಡಿಯೋ ಹೆಸರು ಮಾತ್ರ ಇದ್ದರೆ ಸಾಮಾನ್ಯವಾಗಿ 1860ರ ದಶಕದ್ದು. ದುಂಡು ಮೂಲೆ ಬಂದದ್ದು 1870ರ ನಂತರ. ಸುಮಾರು 108 x 165 ಇದ್ದರೆ ಕ್ಯಾಬಿನೆಟ್ ಕಾರ್ಡ್ ಎಂಬ ದೊಡ್ಡ ಗಾತ್ರದ್ದು. ಅದು 1866ಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ದಪ್ಪ ರಟ್ಟು, ಚಿನ್ನದ ಬಣ್ಣ ಬಳಿದ ಓರೆ ಅಂಚು, ಹಿಂಬದಿಯ ತುಂಬ ಬಳ್ಳಿ ಚಿತ್ತಾರ ಇದ್ದರೆ 1880–90ರ ದಶಕ.

ಆಮೇಲೆ ಸ್ಟುಡಿಯೋದ ವಿಳಾಸ, ರಸ್ತೆ ಮತ್ತು ಮನೆ ಸಂಖ್ಯೆ ಸಹಿತ. ಸ್ಕಾಟ್‌ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 1911ರವರೆಗಿನ ಪೋಸ್ಟ್ ಆಫೀಸ್ ಡೈರೆಕ್ಟರಿಗಳನ್ನು (ಊರಿನ ಜನರ, ಅಂಗಡಿಗಳ ವಿಳಾಸ ಪಟ್ಟಿ) ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಡಂಡಿಯ ಡೈರೆಕ್ಟರಿಗಳನ್ನು ಒಂದೊಂದಾಗಿ ತೆರೆದು, ಆ ಛಾಯಾಗ್ರಾಹಕ ಆ ಮನೆ ಸಂಖ್ಯೆಯಲ್ಲಿ ಮೊದಲು ಮತ್ತು ಕೊನೆಗೆ ಕಾಣಿಸುವ ವರ್ಷ ಗುರುತು ಹಾಕಿ. ಸ್ಟುಡಿಯೋಗಳು ಆಗಾಗ ಜಾಗ ಬದಲಿಸುತ್ತಿದ್ದುದರಿಂದ ಅವಧಿ ಎಷ್ಟೋ ಸಲ ನಾಲ್ಕೈದು ವರ್ಷಕ್ಕೆ ಇಳಿಯುತ್ತದೆ. ಮಿಕ್ಕ ಹಳೆಯ ರಟ್ಟನ್ನು ಹೊಸ ಅಂಗಡಿಯಲ್ಲೂ ಬಳಸುತ್ತಿದ್ದರು, ಒಂದೆರಡು ವರ್ಷ ಆಚೀಚೆ ಬಿಡಿ. ಹೆಂಗಸರೂ ಇರುವ ಚಿತ್ರವಾದರೆ ಅತಿ ಕಿರಿಯವಳ ಉಡುಪು ನೋಡಿ. ವಯಸ್ಸಾದವರು ಹತ್ತು ವರ್ಷ ಹಳೆಯ ಫ್ಯಾಷನ್ ತೊಟ್ಟಿರುತ್ತಾರೆ. ಭುಜದ ಬಳಿ ಬಲೂನಿನಂತೆ ಉಬ್ಬಿದ ತೋಳು 1893–96ರ ಗುರುತು. ರಟ್ಟು 1880ರದ್ದು, ಉಡುಪು 1860ರದ್ದು, ಚಿತ್ರ ಮಂಕು ಎಂದಾದರೆ ಅದು ಹಳೆಯ ಫೋಟೋದ ಮರುಪ್ರತಿ.

ಈಗ ಲೆಕ್ಕ ತಾಳೆ ನೋಡಿ. ಫೋಟೋ 1895ರ ಸುಮಾರಿನದಾದರೆ ನಿಮ್ಮ ಮುತ್ತಜ್ಜ ಆಗ ಹುಬ್ಬಳ್ಳಿಯಲ್ಲಿದ್ದರು. ಚಿತ್ರದಲ್ಲಿರುವುದು ಊರಿನಲ್ಲೇ ಉಳಿದ ತಮ್ಮನೋ ಭಾವನೋ ಆಗಿರಬೇಕು, ಅಂಚೆಯಲ್ಲಿ ಬಂದದ್ದು. ಡಂಡಿಯ ಸ್ಟುಡಿಯೋ ಎಂದಮಾತ್ರಕ್ಕೆ ಡಂಡಿಯವರೂ ಅಲ್ಲ. ಆಂಗಸ್, ಫೈಫ್ ಕಡೆಯ ಹಳ್ಳಿಗಳಿಂದ ರೈಲಿನಲ್ಲಿ ಬಂದು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಹುಡುಕುವ ಸೀಮೆ ಗೊತ್ತಾಯಿತು, ಅಷ್ಟೇ.

ತಂದೆಯ ಹೆಸರು, ಹುಟ್ಟಿದ ಅಂದಾಜು ವರ್ಷ ಸಿಕ್ಕ ಮೇಲೆ ಸ್ಕಾಟ್‌ಲೆಂಡಿಗೆ ಬನ್ನಿ. ಅಲ್ಲಿ ಕಡ್ಡಾಯ ನೋಂದಣಿ ಶುರುವಾದದ್ದು 1855ರ ಜನವರಿ 1ರಂದು. ಸರ್ಕಾರಿ ತಾಣವಾದ ಸ್ಕಾಟ್‌ಲೆಂಡ್ಸ್ ಪೀಪಲ್‌ನಲ್ಲಿ ಸೂಚಿ ಉಚಿತ, ಪುಟದ ಚಿತ್ರಕ್ಕೆ 6 ಕ್ರೆಡಿಟ್. 30 ಕ್ರೆಡಿಟ್‌ಗೆ 7.50 ಪೌಂಡ್. ಆದರೆ ಆ ಕಾಲದ ಜನನ ಸೂಚಿಯಲ್ಲಿ ತಂದೆತಾಯಿಯ ಹೆಸರಿಲ್ಲ, ಪ್ರತಿ ರಾಬರ್ಟ್‌ಸನ್‌ನನ್ನೂ ದುಡ್ಡು ಕೊಟ್ಟು ತೆರೆಯುತ್ತ ಹೋದರೆ ಜೇಬು ಖಾಲಿ. 1855ರಿಂದ 1875ರ ನಡುವೆ ಹುಟ್ಟಿದವರಾದರೆ ಮೊದಲು ಫ್ಯಾಮಿಲಿಸರ್ಚ್ ತಾಣದ ಉಚಿತ ಸೂಚಿಯಲ್ಲಿ ತಂದೆಯ ಹೆಸರನ್ನೂ ಹಾಕಿ ಹುಡುಕಿ. ಅಲ್ಲಿ ಇಬ್ಬರ ಹೆಸರೂ ಇದೆ.

ನಾಲ್ಕು ಮಂದಿ ಹೊಂದುತ್ತಾರೆ ಎಂದುಕೊಳ್ಳಿ. ಇಷ್ಟವಾದವನನ್ನು ಆರಿಸಬೇಡಿ, ಒಬ್ಬೊಬ್ಬರನ್ನೇ ಹೊಡೆದುಹಾಕಿ. ಮೊದಲು ಐದು ವರ್ಷದೊಳಗಿನ ಸಾವುಗಳನ್ನು ನೋಡಿ. ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದು ಅಲ್ಲಿ ರೂಢಿ. ಹೀಗಾಗಿ ತೊಟ್ಟಿಲಲ್ಲೇ ತೀರಿಕೊಂಡ ಮಗುವನ್ನು ಮುತ್ತಜ್ಜನೆಂದು ಬರೆದ ವಂಶವೃಕ್ಷಗಳು ಜಾಲದ ತುಂಬ ಇವೆ. ನಂತರ 1901ರ ಜನಗಣತಿ: ಅಲ್ಲಿ ಹೆಂಡತಿ ಮಕ್ಕಳೊಂದಿಗೆ ಸ್ಕಾಟ್‌ಲೆಂಡಿನಲ್ಲೇ ಇರುವವನು ನಿಮ್ಮವನಲ್ಲ.

ಉಳಿದವನ ಜನನ ಪುಟ ತೆರೆದರೆ ತಾಯಿಯ ತವರಿನ ಅಡ್ಡಹೆಸರಿನ ಜೊತೆ ತಂದೆತಾಯಿಯ ಮದುವೆಯ ದಿನ, ಊರು ಬರೆದಿರುತ್ತದೆ (1856ರಿಂದ 1860ರವರೆಗೆ ಮಾತ್ರ ಇಲ್ಲ). ಆ ಮದುವೆ 1855ರ ನಂತರದ್ದಾದರೆ ಅದರ ಪುಟದಲ್ಲಿ ವಧೂವರರಿಬ್ಬರ ತಂದೆತಾಯಿಯರ ಹೆಸರಿದೆ, ತಾಯಂದಿರ ತವರಿನ ಹೆಸರೂ ಸೇರಿ. ಇಂಗ್ಲೆಂಡಿನ ಅದೇ ಕಾಲದ ಮದುವೆ ದಾಖಲೆಯಲ್ಲಿ ತಾಯಂದಿರೇ ಇಲ್ಲ. ನಿಮ್ಮ ಮುತ್ತಜ್ಜನ ಆ ಅಜ್ಜ ಅಜ್ಜಿಯರು 1855ರ ನಂತರ ತೀರಿಕೊಂಡಿದ್ದರೆ ಮರಣ ಪುಟದಲ್ಲಿ ಅವರ ತಂದೆತಾಯಿಯರೂ ಸಿಗುತ್ತಾರೆ; ಅಲ್ಲಿಗೆ 18ನೇ ಶತಮಾನ ಮುಟ್ಟಿದಿರಿ. ಮಾಹಿತಿ ಕೊಟ್ಟವರ ಸಹಿಯ ಜಾಗ ಮಾತ್ರ ತಪ್ಪದೆ ಓದಿ. ಮಗ ಹೇಳಿದ್ದಾದರೆ ನಂಬಬಹುದು. ಅಳಿಯನೋ ಪಕ್ಕದ ಮನೆಯವರೋ ಹೇಳಿದ ತಾಯಿಯ ಹೆಸರು ಬರೀ ಊಹೆ ಇರಬಹುದು.

1855ಕ್ಕೂ ಹಿಂದಿನವು ಚರ್ಚ್ ಆಫ್ ಸ್ಕಾಟ್‌ಲೆಂಡಿನ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರುಗಳು) ರಿಜಿಸ್ಟರುಗಳು. ಇಲ್ಲಿ ಹೆಸರು ಸಿಗದಿದ್ದರೆ ಗಾಬರಿ ಬೇಡ. 1783ರಿಂದ 1794ರವರೆಗೆ ಪ್ರತಿ ನಮೂದಿಗೆ 3 ಪೆನ್ಸ್ ತೆರಿಗೆಯಿತ್ತು, ಬಡವರು ಬರೆಸಲೇ ಇಲ್ಲ. 1843ರಲ್ಲಿ ಚರ್ಚು ಒಡೆದು ಫ್ರೀ ಚರ್ಚಿಗೆ ಹೋದವರ ಎಷ್ಟೋ ಮಕ್ಕಳು ಈ ರಿಜಿಸ್ಟರಿನಲ್ಲಿಲ್ಲ. ಆದ್ದರಿಂದಲೇ, ಇಡೀ ಪ್ಯಾರಿಷ್‌ನಲ್ಲಿ ಆ ಹೆಸರಿನ ಒಂದೇ ಮಗು ಸಿಕ್ಕಿತೆಂದು ಅದೇ ನಿಮ್ಮದು ಎನ್ನಬೇಡಿ.

ಪ್ರಶ್ನೆ: ನಮ್ಮ ಅಡ್ಡಹೆಸರಿನ ಲಾಂಛನವನ್ನು ಚೌಕಟ್ಟು ಹಾಕಿ ಕೊಡುತ್ತಾರೆ. ತೆಗೆದುಕೊಳ್ಳಬಹುದೇ?

ಬೇಡ. ಸ್ಕಾಟ್‌ಲೆಂಡಿನಲ್ಲಿ ಲಾಂಛನ ವ್ಯಕ್ತಿಗೆ ಸೇರಿದ್ದು, ಅಡ್ಡಹೆಸರಿಗಲ್ಲ. ಲಾಂಛನಗಳನ್ನು ನೋಡಿಕೊಳ್ಳುವ ಲಾರ್ಡ್ ಲಯನ್ ಕೋರ್ಟಿನ ರಿಜಿಸ್ಟರ್ 1672ರಿಂದ ಇದೆ. ಇನ್ನೊಬ್ಬರದನ್ನು ನಮ್ಮದೆಂದು ಬಳಸುವುದು ಅಲ್ಲಿ ಕಾನೂನಿಗೆ ವಿರುದ್ಧ. ಒಂದು ಚದರ ಅಡಿ ನೆಲ ಮಾರಿ 'ಲೇರ್ಡ್' (ಜಮೀನ್ದಾರ) ಪದವಿ ಕೊಡುತ್ತೇವೆ ಎನ್ನುವವರದ್ದೂ ಇದೇ ಜಾತಿಯ ವ್ಯಾಪಾರ.

ಪ್ರಶ್ನೆ: ಫೋಟೋದಲ್ಲಿ ಕಿಲ್ಟ್ (ಗಂಡಸರ ಚೌಕುಳಿ ಲಂಗ) ಇದೆ. ಅದರ ಚೌಕುಳಿಯಿಂದ ಕುಲ ಗೊತ್ತಾಗುತ್ತದೆಯೇ?

ಇಲ್ಲ. ಹೆಸರಿಗೊಂದು ಟಾರ್ಟನ್ (ಚೌಕುಳಿ ವಿನ್ಯಾಸ) ಎಂಬ ಹುಚ್ಚು ಹಬ್ಬಿದ್ದು 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೊಗೆ ಬಂದ ಮೇಲೆ. ಸೈನಿಕನಾದರೆ ಟೋಪಿಯ ಬಿಲ್ಲೆ ನೋಡಿ, ರೆಜಿಮೆಂಟ್ ಸಿಗುತ್ತದೆ.

ಪ್ರಶ್ನೆ: ಹಳೆಯ ಫೋಟೋವನ್ನು ಆ್ಯಪ್‌ನಲ್ಲಿ ಸ್ಪಷ್ಟ ಮಾಡಿ ಕಳುಹಿಸಿದ್ದೇನೆ.

ಅದು ಉಪಯೋಗಕ್ಕೆ ಬರುವುದಿಲ್ಲ. ಆ್ಯಪ್ ಇಲ್ಲದ ಗುಂಡಿ, ಇಲ್ಲದ ಮೂಗು ಬರೆದಿದೆ. ಮೂಲವನ್ನು 600 ಡಿಪಿಐನಲ್ಲಿ ಎರಡೂ ಬದಿ ಸ್ಕ್ಯಾನ್ ಮಾಡಿ ಕಳುಹಿಸಿ. ಆಲ್ಬಮ್ಮಿಗೆ ಅಂಟಿದ್ದರೆ ಕೀಳಬೇಡಿ, ಹಿಂದೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ. ಮೆತ್ತನೆಯ ಪೆನ್ಸಿಲ್ ಸಾಕು.

ಪ್ರಶ್ನೆ: ಡಿಎನ್‌ಎ ಪರೀಕ್ಷೆಯಲ್ಲಿ ಇಷ್ಟು ಶೇಕಡಾ ಸ್ಕಾಟಿಷ್ ಎಂದು ಬಂದಿದೆ. ಮುಂದೇನು?

ಶೇಕಡಾ ಮರೆತು, ಹೊಂದಿಕೆಯಾದ ಸಂಬಂಧಿಕರ ಪಟ್ಟಿ ತೆರೆಯಿರಿ.

ಪ್ರಶ್ನೆ: 1960ರಲ್ಲಿ ಗ್ಲಾಸ್ಗೋದಲ್ಲಿ ಮದುವೆಯಾದ ದೊಡ್ಡಮ್ಮನ ದಾಖಲೆಯ ಚಿತ್ರ ಏಕೆ ತೆರೆಯುತ್ತಿಲ್ಲ?

ಸ್ಕಾಟ್‌ಲೆಂಡ್ಸ್ ಪೀಪಲ್‌ ತಾಣದಲ್ಲಿ ಜನನದ ಚಿತ್ರಕ್ಕೆ 100 ವರ್ಷ, ಮದುವೆಗೆ 75, ಮರಣಕ್ಕೆ 50 ವರ್ಷ ಕಳೆದಿರಬೇಕು. ಅಷ್ಟರೊಳಗಿನದಕ್ಕೆ ಅದೇ ತಾಣದಲ್ಲಿ ಅಧಿಕೃತ ಪ್ರಮಾಣಪತ್ರಕ್ಕೆ ಹಣ ಕಟ್ಟಿ, ಅಂಚೆಯಲ್ಲಿ ತರಿಸಿಕೊಳ್ಳಿ.