450 ಯಾಕೆ ಜಾಸ್ತಿ ಆಯಿತು ಅಂದರೆ…

7 ಗಂಡಸರು, 5 ಹೆಂಗಸರಿಂದ 4 ಜನರ ಸಮಿತಿಯನ್ನು ಚೀಟಿ ಎತ್ತಿ ಆರಿಸಿದರೆ, ಕನಿಷ್ಠ ಇಬ್ಬರು ಹೆಂಗಸರು ಇರುವ ಸಂಭವನೀಯತೆ ಎಷ್ಟು ಅಂತ ಕೇಳಿದ್ದೀರಿ. ನೀವು ಮೊದಲು ಇಬ್ಬರು ಹೆಂಗಸರನ್ನು ಆರಿಸಿ (10 ವಿಧ), ಆಮೇಲೆ ಉಳಿದ 10 ಜನರಲ್ಲಿ ಯಾರಾದರೂ ಇಬ್ಬರನ್ನು ಸೇರಿಸಿದ್ದೀರಿ (45 ವಿಧ). ಗುಣಿಸಿದರೆ 450.

ತೊಂದರೆ ಇರುವುದು ಇಲ್ಲೇ. ಲತಾ, ಮೀನಾ, ಗೀತಾ ಜೊತೆಗೆ ರವಿ ಇರುವ ಸಮಿತಿ ನೋಡಿ. ಮೊದಲ ಇಬ್ಬರು ಲತಾ-ಮೀನಾ ಆಗಬಹುದು, ಲತಾ-ಗೀತಾ ಆಗಬಹುದು, ಮೀನಾ-ಗೀತಾ ಕೂಡ ಆಗಬಹುದು. ಸಮಿತಿ ಒಂದೇ, ಎಣಿಸಿದ್ದು ಮೂರು ಸಲ! ನಾಲ್ವರೂ ಹೆಂಗಸರಾದರೆ ಆರು ಸಲ.

‘ಕನಿಷ್ಠ’ ಅಂತ ಇದ್ದಾಗ ಬೇಡದ್ದನ್ನು ಕಳೆಯುವುದೇ ಸುಲಭ. ಒಟ್ಟು ಸಮಿತಿಗಳು 495. ಹೆಂಗಸರೇ ಇಲ್ಲದವು 35. ಒಬ್ಬರೇ ಹೆಂಗಸು ಇರುವವು 5 × 35 = 175 (ಇಲ್ಲಿ 35 ಅಂದರೆ 7 ಗಂಡಸರಲ್ಲಿ ಮೂವರನ್ನು ಆರಿಸುವ ವಿಧಗಳು). ಉಳಿದದ್ದು 285. ಅಂದರೆ 285/495 = 19/33, ಸುಮಾರು ಶೇ. 57.6.

ನಂಬಿಕೆ ಬರದಿದ್ದರೆ ಬಿಡಿಬಿಡಿಯಾಗಿ ಕೂಡಿ ನೋಡಿ: ಇಬ್ಬರು 210, ಮೂವರು 70, ನಾಲ್ವರು 5. ಅದೇ 285 ಬರುತ್ತದೆ, ಅಲ್ವಾ? ಪರೀಕ್ಷೆಯಲ್ಲಿ ಸಮಯವಿದ್ದರೆ ಎರಡೂ ದಾರಿಯಲ್ಲಿ ಮಾಡಿ.