ನಾಲ್ಕು ರೆಕ್ಕೆಯ ಸಾಲ್ಟ್‌ಬುಷ್ ಬೀಜ ಏಕೆ ಮೊಳೆಯುತ್ತಿಲ್ಲ?

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಅಲ್ಬುಕರ್ಕಿಯ ನಿಮ್ಮ ಹಿತ್ತಲಿನ ಮಣ್ಣಿನ ಪಿಎಚ್ 8.4, ಅಂದರೆ ಕ್ಷಾರ ಹೆಚ್ಚು; ನವೆಂಬರ್‌ನಲ್ಲಿ ಗಿಡದಿಂದ ಉದುರಿಸಿಕೊಂಡ ಬೀಜವನ್ನು ಅದೇ ವಾರ ಬಿತ್ತಿ ದಿನಾ ನೀರು ಹಾಕಿದಿರಿ, ಒಂದೂ ಹುಟ್ಟಲಿಲ್ಲ. ಕ್ಷಾರ ಇಳಿಸಲು ಮಣ್ಣಿಗೆ ಗಂಧಕ ಬೆರೆಸಲೇ ಎಂಬುದು ನಿಮ್ಮ ಪ್ರಶ್ನೆ.

ಬೆರೆಸಬೇಡಿ. ಗೊಬ್ಬರವೂ ಬೇಡ. ಇದು ನಮ್ಮ ಹರಿವೆ, ಬೀಟ್‌ರೂಟ್ ಕುಟುಂಬದ್ದು. ಕೆನಡಾದಿಂದ ಮೆಕ್ಸಿಕೊವರೆಗೆ ಚೌಳು ನೆಲದಲ್ಲೂ ಬೆಳೆದು ಬಂದ ಪೊದೆ. ಒಂದು ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿ: ಮೇಲೆಲ್ಲ ಹಿಟ್ಟು ಉದುರಿಸಿದಂತೆ ಪುಟ್ಟ ಪುಟ್ಟ ಗುಳ್ಳೆಗಳು. ಹೆಚ್ಚಾದ ಉಪ್ಪನ್ನು ಗಿಡ ಅವುಗಳಿಗೆ ತುಂಬುತ್ತದೆ. ಗುಳ್ಳೆ ಒಣಗಿ ಒಡೆದಾಗ ಉಪ್ಪು ಎಲೆಯ ಮೇಲೇ ಉಳಿಯುತ್ತದೆ. ಆ ಬೂದು ಬಣ್ಣ ರೋಗದ್ದಲ್ಲ.

ಎಡವಟ್ಟಾಗಿರುವುದು ಬೀಜದಲ್ಲಿ. ಹೊಸ ಬೀಜ ಸುಲಭಕ್ಕೆ ಮೊಳೆಯುವುದಿಲ್ಲ. ಕಾಗದದ ಚೀಲದಲ್ಲಿ ಹಾಕಿ ಒಣ ಜಾಗದಲ್ಲಿ ಸುಮಾರು 10 ತಿಂಗಳು ಇಡಬೇಕು. ಜೊತೆಗೆ ಬೀಜವನ್ನು ಹೊತ್ತ ಕಾಯಿಯ ನಾಲ್ಕು ರೆಕ್ಕೆಗಳಲ್ಲಿ ಮೊಳಕೆ ತಡೆಯುವ ಅಂಶಗಳಿವೆ. ಕೈಗವಸು ಹಾಕಿಕೊಂಡು ತಂತಿ ಜರಡಿಯ ಮೇಲೆ ಉಜ್ಜಿ ರೆಕ್ಕೆ ಮುರಿಯಿರಿ, ಬಳಿಕ ಒಂದು ರಾತ್ರಿ ನೆನೆಸಿ, ನಡುವೆ ಎರಡು ಮೂರು ಸಲ ನೀರು ಬದಲಿಸಿ. ನೆನೆಸುವ ಮುನ್ನ ಇಪ್ಪತ್ತು ಕಾಯಿಗಳನ್ನು ಉಗುರು ಕತ್ತರಿಯಿಂದ ಅಡ್ಡ ಕತ್ತರಿಸಿ ನೋಡಿ. ಒಳಗೆ ಬಿಳಿ ತಿರುಳಿದ್ದರೆ ಗಟ್ಟಿ, ಟೊಳ್ಳಾಗಿದ್ದರೆ ಜೊಳ್ಳು. ಈ ಗಿಡದಲ್ಲಿ ಅರ್ಧಕ್ಕರ್ಧ ಜೊಳ್ಳು ಸಿಗುವುದು ಅಪರೂಪವೇನಲ್ಲ, ಅದಕ್ಕೆ ತಕ್ಕಂತೆ ಹೆಚ್ಚು ಬಿತ್ತಿ.

ಮಣ್ಣಿನ ಉಷ್ಣಾಂಶ 13ರಿಂದ 24 ಡಿಗ್ರಿ ಸೆಲ್ಸಿಯಸ್ ಇರುವ ವಸಂತದಲ್ಲಿ, ಒಂದೂವರೆ ಸೆಂಟಿಮೀಟರ್ ಆಳಕ್ಕೆ ಹಾಕಿ. ಮೊಳಕೆ ಕಾಣುವತನಕ ತೇವ ಆರದಿರಲಿ. ಕಂಡ ಮೇಲೆ ಕೈ ಬಿಗಿ ಹಿಡಿಯಿರಿ: ಮೇಲಿನ ಒಂದು ಇಂಚು ಪೂರ್ತಿ ಒಣಗಿದ ಮೇಲೆಯೇ ನೀರು. ನೀರು ನಿಂತರೆ ಬೇರು ಕೊಳೆಯುತ್ತದೆ. ಮೊದಲ ವರ್ಷ ದಾಟಿದರೆ ಬೇರು ಆಳಕ್ಕಿಳಿದು ತನ್ನ ಪಾಡು ತಾನು ನೋಡಿಕೊಳ್ಳುತ್ತದೆ, 6 ಮೀಟರ್‌ವರೆಗೂ ಇಳಿಯಬಲ್ಲದು. ಎಳೆಯ ಸಸಿಗೆ ಮೊಲದ ಕಾಟ ಜಾಸ್ತಿ, ಸುತ್ತ ಕೋಳಿ ಜಾಲರಿ ಕಟ್ಟಲೇಬೇಕು.

ಗಿಡದಿಂದ ಗಿಡಕ್ಕೆ 2 ಮೀಟರ್ ಅಂತರ ಬಿಡಿ. ಸಾಮಾನ್ಯವಾಗಿ ಗಂಡು, ಹೆಣ್ಣು ಗಿಡ ಬೇರೆ ಬೇರೆ. ಬೀಜ ಬೇಕಿದ್ದರೆ ಐದಾರು ಗಿಡವಾದರೂ ಇರಲಿ. ಪರಾಗ ಗಾಳಿಯಲ್ಲಿ ಹಾರುತ್ತದೆ, ಮನೆಯಲ್ಲಿ ಯಾರಿಗಾದರೂ ಅಲರ್ಜಿ ಇದ್ದರೆ ಕಿಟಕಿಯ ಹತ್ತಿರ ನೆಡಬೇಡಿ.

ಬೀಜಕ್ಕೆ ಕಾಯುವ ತಾಳ್ಮೆ ಇಲ್ಲದೆ ನರ್ಸರಿಗೆ ಹೋಗುವುದಾದರೆ ಒಂದು ಎಚ್ಚರಿಕೆ. ಈ ಗಿಡವನ್ನೂ ಕೆಲವರು ‘ಚಮಿಸಾ’ ಎನ್ನುವುದುಂಟು, ಆದರೆ ಅಲ್ಲಿ ಹಾಗೆಂದು ಕೇಳಿದರೆ ಹಳದಿ ಹೂವಿನ ರ‍್ಯಾಬಿಟ್‌ಬ್ರಷ್ ಕೊಡುತ್ತಾರೆ, ಅದು ಸೇವಂತಿಗೆ ಕುಟುಂಬದ ಬೇರೆಯದೇ ಗಿಡ. ಸಾಲ್ಟ್‌ಬುಷ್‌ನ ವೈಜ್ಞಾನಿಕ ಹೆಸರು ಹೇಳಿ, ‘ಅಟ್ರಿಪ್ಲೆಕ್ಸ್ ಕ್ಯಾನೆಸೆನ್ಸ್’ ಎಂದೇ ಕೇಳಿ.